ಟೆಂಡರಿನ ಲೆಕ್ಕ ತಪ್ಪದಂತೆ: ಡೇಟಾಬೇಸ್‌ಗೆ ಇಂಟಿಗ್ರೇಷನ್ ಟೆಸ್ಟ್ ಬರೆಯುವ ಮತ್ತು ಓಡಿಸುವ ಬಗೆ

ಶಿರಸಿಯಲ್ಲಿ ಅಡಿಕೆ ವಹಿವಾಟು ನಡೆಸುವ ಒಂದು ಸಹಕಾರಿ ಸಂಘಕ್ಕೆ ತಂತ್ರಾಂಶ ಬರೆಯುತ್ತಿದ್ದೇವೆ ಎಂದಿಟ್ಟುಕೊಳ್ಳೋಣ. ಸದಸ್ಯರು ತಂದ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಬಗೆಯ ಅಡಿಕೆ ಲಾಟುಗಳಾಗಿ ದಾಖಲಾಗುತ್ತದೆ. ವ್ಯಾಪಾರಿಗಳು ಪ್ರತಿ ಲಾಟಿಗೂ ಟೆಂಡರ್ ದರ ಬರೆಯುತ್ತಾರೆ. ಬಂದ ದರಕ್ಕೆ ಬೆಳೆಗಾರ ಒಪ್ಪಿದರೆ ತೂಕ, ದಲಾಲಿ, ಹಮಾಲಿ, ಸಾಲದ ಕಡಿತ ಎಲ್ಲವೂ ಲೆಕ್ಕವಾಗಿ ಮಾರಾಟದ ಪಟ್ಟಿ ಸಿದ್ಧವಾಗುತ್ತದೆ. ಇಂಥ ತಂತ್ರಾಂಶದ ಒಂದೊಂದು ಫಂಕ್ಷನ್ನನ್ನು ಬಿಡಿಯಾಗಿ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿದ್ದು, ಸೇರಿಸಿ ಓಡಿಸಿದಾಗ ಒಂದೇ ಲಾಟು ಇಬ್ಬರಿಗೆ ಮಾರಾಟವಾದಂತೆ ದಾಖಲಾಗುವುದು ಸಾಧ್ಯವಿದೆ. ಬಿಡಿ ಪರೀಕ್ಷೆಯಲ್ಲಿ ಡೇಟಾಬೇಸ್‌ನ ಜಾಗದಲ್ಲಿ ನಾವೇ ಬರೆದ ನಕಲಿ ವಸ್ತುವೊಂದು ಕುಳಿತಿರುತ್ತದೆ, ಮತ್ತು ಅದು ನಾವು ಕಲಿಸಿದ ಉತ್ತರವನ್ನೇ ನಮಗೆ ತಿರುಗಿ ಹೇಳುತ್ತದೆ. ಕೋಡ್ ಮತ್ತು ನಿಜವಾದ ಡೇಟಾಬೇಸ್ ಎರಡನ್ನೂ ಒಟ್ಟಿಗೆ ಓಡಿಸಿ ನೋಡುವ ಇಂಟಿಗ್ರೇಷನ್ ಟೆಸ್ಟ್ ಬೇಕಾಗುವುದು ಇದೇ ಕಾರಣಕ್ಕೆ. ಈ ಲೇಖನದ ವಿವರಗಳು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗೆ ಸಂಬಂಧಿಸಿದವು. ಮೈಎಸ್‌ಕ್ಯೂಎಲ್ ಬಳಸುವವರಿಗೂ ಕ್ರಮ ಇದೇ ಆದರೂ ಲಾಕ್ (ಒಬ್ಬರು ಹಿಡಿದ ಸಾಲನ್ನು ಇನ್ನೊಬ್ಬರು ಬದಲಿಸದಂತೆ ತಡೆಯುವುದು) ಮತ್ತು ಐಸೊಲೇಷನ್ (ಏಕಕಾಲದ ಕೆಲಸಗಳನ್ನು ಒಂದರಿಂದೊಂದು ಬೇರ್ಪಡಿಸುವುದು) ಇವುಗಳ ವರ್ತನೆ ಬೇರೆಯಾಗಿರುತ್ತದೆ.

ಮೊದಲು ಕಾಗದದ ಮೇಲೆ

ಟೆಸ್ಟ್ ಬರೆಯುವ ಮುನ್ನ, ಈ ವ್ಯವಸ್ಥೆಯಲ್ಲಿ ಯಾವ ಮಾತು ಎಂದೂ ಮುರಿಯಬಾರದು ಎಂಬುದನ್ನು ಸಂಘದ ಲೆಕ್ಕಿಗರ ಜೊತೆ ಕುಳಿತು ಬರೆದುಕೊಳ್ಳಬೇಕು. ಒಂದು ಲಾಟು ಒಂದೇ ಸಲ ಮಾರಾಟವಾಗಬೇಕು. ಟೆಂಡರ್ ಮುಗಿದ ಮೇಲೆ ಬಂದ ದರ ದಾಖಲಾಗಬಾರದು. ಸದಸ್ಯರ ಒಟ್ಟು ಸಾಲ ಅವರ ಮಿತಿಯನ್ನು ದಾಟಬಾರದು. ಪಟ್ಟಿಯ ಮೊತ್ತ ಅದರ ಸಾಲುಗಳ ಮೊತ್ತಕ್ಕೆ ಸಮನಾಗಿರಬೇಕು. ಹೀಗೆ ಬರೆದ ಪ್ರತಿಯೊಂದು ನಿಯಮದ ಮುಂದೆ, ಅದನ್ನು ಕಾಯುವವರು ಯಾರು ಎಂದು ಗುರುತು ಹಾಕಬೇಕು: ಕೋಡ್, ಟೇಬಲ್‌ನ ಮೇಲಿನ ನಿರ್ಬಂಧ ಅಥವಾ ಟ್ರಾನ್ಸಾಕ್ಷನ್ (ಪೂರ್ತಿಯಾಗಿ ಉಳಿಯುವ ಇಲ್ಲವೇ ಪೂರ್ತಿಯಾಗಿ ರದ್ದಾಗುವ ಕೆಲಸಗಳ ಕಟ್ಟು). ಕೋಡ್ ಮಾತ್ರ ಕಾಯುವ ನಿಯಮಕ್ಕೆ ಬಿಡಿ ಪರೀಕ್ಷೆ ಸಾಕು. ಉಳಿದ ಎರಡು ಬಗೆಯವಕ್ಕೆ ಇಂಟಿಗ್ರೇಷನ್ ಟೆಸ್ಟ್ ಬೇಕೇ ಬೇಕು. ಈ ನಿಯಮಗಳ ಪಟ್ಟಿ ಇಲ್ಲದೆ ಆರಂಭಿಸಿದವರು ಸಾಮಾನ್ಯವಾಗಿ ‘ಸದಸ್ಯನನ್ನು ಸೇರಿಸಿದೆ, ಮತ್ತೆ ಓದಿದೆ, ಹೆಸರು ಸರಿಯಿದೆ’ ಎಂಬಂಥ ಟೆಸ್ಟ್‌ಗಳನ್ನೇ ರಾಶಿ ಹಾಕುತ್ತಾರೆ. ಸಾಲು ಬರೆದು ಓದುವುದು ಡೇಟಾಬೇಸ್‌ಗೆ ಬರುತ್ತದೆ ಎಂಬುದನ್ನು ನಾವು ಮತ್ತೆ ಸಾಬೀತುಪಡಿಸಬೇಕಾಗಿಲ್ಲ.

ನಿಜವಾದ ಸರ್ವರ್, ಅದೇ ಆವೃತ್ತಿ

ವೇಗಕ್ಕಾಗಿ ಟೆಸ್ಟ್‌ನಲ್ಲಿ ಮಾತ್ರ ಎಸ್‌ಕ್ಯೂಲೈಟ್ ಬಳಸುವ ರೂಢಿಯಿದೆ; ಅದನ್ನು ನಾನು ಒಪ್ಪುವುದಿಲ್ಲ. ಎಸ್‌ಕ್ಯೂಲೈಟ್ ತನ್ನ ಕೆಲಸಕ್ಕೆ ಅತ್ಯುತ್ತಮ ಡೇಟಾಬೇಸ್, ಆದರೆ ಸಾಮಾನ್ಯ ಟೇಬಲ್‌ನಲ್ಲಿ ಪೂರ್ಣಾಂಕದ ಕಾಲಮ್‌ಗೆ ಅಕ್ಷರಗಳನ್ನು ಕೊಟ್ಟರೂ ಅದು ಉಳಿಸಿಕೊಳ್ಳುತ್ತದೆ, ಫಾರಿನ್ ಕೀ (ಒಂದು ಟೇಬಲ್‌ನ ಸಾಲು ಇನ್ನೊಂದರಲ್ಲಿ ಇರುವ ಸಾಲನ್ನೇ ಸೂಚಿಸಬೇಕೆಂಬ ನಿಯಮ) ಪರಿಶೀಲನೆಯನ್ನು ಪ್ರತಿ ಕನೆಕ್ಷನ್‌ನಲ್ಲಿ ನಾವೇ ಆನ್ ಮಾಡಬೇಕಾಗುತ್ತದೆ, ಮತ್ತು ಒಂದು ಸಮಯಕ್ಕೆ ಒಬ್ಬರೇ ಬರೆಯಬಲ್ಲರು. ಅಂದರೆ ನಾವು ಯಾವ ಮೂರು ವಿಷಯಗಳನ್ನು ಪರೀಕ್ಷಿಸಲು ಹೊರಟೆವೋ ಆ ಮೂರರಲ್ಲೂ ಅದು ಪೋಸ್ಟ್‌ಗ್ರೆಸ್‌ಗಿಂತ ಬೇರೆ.

ಆದ್ದರಿಂದ ಡಾಕರ್ ಕಂಟೇನರ್‌ನಲ್ಲಿ (ಪ್ರೋಗ್ರಾಂ ಒಂದನ್ನು ಉಳಿದವುಗಳಿಂದ ಬೇರ್ಪಡಿಸಿ ಓಡಿಸುವ ಡಬ್ಬಿಯಲ್ಲಿ) ಪೋಸ್ಟ್‌ಗ್ರೆಸ್ ಓಡಿಸುವುದು ಸರಿಯಾದ ದಾರಿ. ಕಂಟೇನರ್‌ನ ಅಚ್ಚಾದ ಇಮೇಜ್‌ಗೆ ‘ಲೇಟೆಸ್ಟ್’ ಎಂದು ಬರೆಯದೆ, ಸಂಘದ ಸರ್ವರ್‌ನಲ್ಲಿರುವ ಆವೃತ್ತಿಯನ್ನೇ ಸಂಖ್ಯೆಯ ಸಮೇತ ನಮೂದಿಸಬೇಕು. ಆಲ್ಪೈನ್ ಲಿನಕ್ಸ್ ಆಧಾರಿತ ಇಮೇಜ್ ಗಾತ್ರದಲ್ಲಿ ಚಿಕ್ಕದೆಂಬ ಕಾರಣಕ್ಕೆ ಅದನ್ನು ಆರಿಸುವುದೂ ಬೇಡ. ಅದರ ಸಿ ಲೈಬ್ರರಿ ಬೇರೆಯಾದ್ದರಿಂದ ಅಕ್ಷರಗಳ ವಿಂಗಡಣೆಯ ಕ್ರಮ ಡೆಬಿಯನ್ ಸರ್ವರ್‌ನದಕ್ಕೆ ಹೊಂದದೆ ಹೋಗಬಹುದು. ಕಂಟೇನರ್ ಎಬ್ಬಿಸುವ, ಖಾಲಿ ಪೋರ್ಟ್ ಹುಡುಕುವ, ಕೊನೆಯಲ್ಲಿ ಅಳಿಸುವ ಕೆಲಸವನ್ನು ಟೆಸ್ಟ್‌ಕಂಟೇನರ್ಸ್ ಎಂಬ ಲೈಬ್ರರಿ ಮಾಡಿಕೊಡುತ್ತದೆ. ನೀವೇ ಮಾಡುವುದಾದರೆ ಒಂದು ವಿಷಯ ಗಮನದಲ್ಲಿರಲಿ: ಅಧಿಕೃತ ಇಮೇಜ್ ಮೊದಲ ಸಲ ಏಳುವಾಗ ಆರಂಭಿಕ ಸಿದ್ಧತೆಗಾಗಿ ತಾತ್ಕಾಲಿಕ ಸರ್ವರ್ ಒಂದನ್ನು ನಡೆಸಿ, ಅದನ್ನು ನಿಲ್ಲಿಸಿ, ಆಮೇಲೆ ನಿಜವಾದ ಸರ್ವರನ್ನು ಆರಂಭಿಸುತ್ತದೆ. ಹೀಗಾಗಿ ‘ಕನೆಕ್ಷನ್ ಸ್ವೀಕರಿಸಲು ಸಿದ್ಧ’ ಎಂಬ ಸಾಲು ಲಾಗ್‌ನಲ್ಲಿ ಎರಡು ಬಾರಿ ಬರುತ್ತದೆ. ಮೊದಲನೆಯದನ್ನು ನಂಬಿ ಹೊರಟ ಟೆಸ್ಟ್‌ಗಳು ಕೆಲವೊಮ್ಮೆ ಓಡುತ್ತವೆ, ಕೆಲವೊಮ್ಮೆ ಬೀಳುತ್ತವೆ. ತಾತ್ಕಾಲಿಕ ಸರ್ವರ್ ಟಿಸಿಪಿಯಲ್ಲಿ ಕಿವಿಗೊಡುವುದಿಲ್ಲವಾದ್ದರಿಂದ, ಹೊರಗಿನಿಂದ 5432ನೇ ಪೋರ್ಟ್‌ಗೆ ಜೋಡಿಸಿದ ವಿಳಾಸದಲ್ಲಿ ನಿಜವಾಗಿ ಒಂದು ಕ್ವೆರಿ ಓಡಿ ಉತ್ತರ ಬರುವವರೆಗೆ ಕಾಯುವುದು ಸುರಕ್ಷಿತ.

ಟೆಸ್ಟ್ ಸರ್ವರ್‌ನ ದತ್ತಾಂಶ ಉಳಿಯಬೇಕಾಗಿಲ್ಲ. ಹಾಗಾಗಿ, ಬರೆದದ್ದು ಡಿಸ್ಕ್ ತಲುಪುವವರೆಗೆ ಕಾಯುವ ಎಫ್‌ಸಿಂಕ್ ಸೆಟ್ಟಿಂಗನ್ನು ಆಫ್ ಮಾಡಿ, ದತ್ತಾಂಶದ ಫೋಲ್ಡರನ್ನು ಮೆಮೊರಿಯಲ್ಲೇ ಇರಿಸಿದರೆ ಹಳೆಯ ಲ್ಯಾಪ್‌ಟಾಪ್‌ನಲ್ಲೂ ವೇಗ ಗಮನಾರ್ಹವಾಗಿ ಹೆಚ್ಚುತ್ತದೆ. ಈ ಸೆಟ್ಟಿಂಗ್ ನಿಜವಾದ ಸರ್ವರ್‌ಗೆ ಎಂದಿಗೂ ಹೋಗಬಾರದು. ಹಾಗೆಯೇ, ಜೋಡಣೆಯಾದ ಡೇಟಾಬೇಸ್‌ನ ಹೆಸರು ‘_ಟೆಸ್ಟ್’ ಎಂದು ಕೊನೆಗೊಳ್ಳದಿದ್ದರೆ ಒಂದೇ ಒಂದು ಟೆಸ್ಟ್ ಕೂಡ ಆರಂಭವಾಗದಂತೆ ತಡೆ ಹಾಕಬೇಕು. ಟೇಬಲ್ ಖಾಲಿ ಮಾಡುವ ಕೋಡ್ ನಮ್ಮ ಕೈಯಲ್ಲಿದೆ ಎಂಬುದನ್ನು ಮರೆಯುವಂತಿಲ್ಲ.

ರಚನೆ ಮತ್ತು ಮಾದರಿ ದತ್ತಾಂಶ

ಟೆಸ್ಟ್ ಡೇಟಾಬೇಸ್‌ನ ಟೇಬಲ್‌ಗಳನ್ನು ಪ್ರತ್ಯೇಕ ಕಡತವೊಂದರಿಂದ ಸೃಷ್ಟಿಸದೆ, ನಿಜವಾದ ಸರ್ವರ್ ಬೆಳೆದು ಬಂದ ಅದೇ ಮೈಗ್ರೇಷನ್‌ಗಳನ್ನು (ಟೇಬಲ್‌ಗಳ ರಚನೆಯನ್ನು ಹಂತಹಂತವಾಗಿ ಬದಲಿಸುವ ಕಡತಗಳನ್ನು) ಮೊದಲಿನಿಂದ ಕೊನೆಯವರೆಗೆ ಓಡಿಸಿ ಸೃಷ್ಟಿಸಬೇಕು. ಮೈಗ್ರೇಷನ್‌ಗಳು ಬಹಳವಾಗಿ ಪ್ರತಿ ಸಲವೂ ತಡವಾಗುತ್ತಿದ್ದರೆ, ಒಮ್ಮೆ ಓಡಿಸಿ ಸಿದ್ಧವಾದ ಡೇಟಾಬೇಸನ್ನು ಟೆಂಪ್ಲೇಟ್ ಆಗಿ ಇಟ್ಟುಕೊಂಡು, ಅದರಿಂದ ಹೊಸ ಪ್ರತಿಗಳನ್ನು ತೆಗೆಯುವ ಸೌಲಭ್ಯ ಪೋಸ್ಟ್‌ಗ್ರೆಸ್‌ನಲ್ಲೇ ಇದೆ. ಪ್ರತಿ ತೆಗೆಯುವ ಹೊತ್ತಿನಲ್ಲಿ ಆ ಟೆಂಪ್ಲೇಟ್‌ಗೆ ಬೇರಾವ ಕನೆಕ್ಷನ್ ಕೂಡ ಇರಬಾರದು, ಅಷ್ಟೇ.

ಸಂಘದ ನಿಜವಾದ ಸದಸ್ಯರ ಹೆಸರು, ಖಾತೆ, ಸಾಲದ ವಿವರಗಳನ್ನು ನಕಲು ಮಾಡಿ ಟೆಸ್ಟ್‌ಗೆ ಬಳಸುವುದು ತಪ್ಪು. ಅದು ಆ ಬೆಳೆಗಾರರ ಖಾಸಗಿ ವಿಷಯ, ಮತ್ತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದೃಷ್ಟಿಯಿಂದಲೂ ಯೋಚಿಸಬೇಕಾದ ಸಂಗತಿ. ‘ಒಬ್ಬ ಸದಸ್ಯನನ್ನು ಕೊಡು’, ‘ಅವನ ಹೆಸರಿನಲ್ಲಿ ಒಂದು ರಾಶಿ ಲಾಟು ಕೊಡು’ ಎನ್ನುವ ಚಿಕ್ಕ ಸಹಾಯಕ ಫಂಕ್ಷನ್‌ಗಳನ್ನು ಬರೆದುಕೊಂಡರೆ, ಪ್ರತಿ ಟೆಸ್ಟ್ ತನಗೆ ಬೇಕಾದ ಸಾಲುಗಳನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ ಮತ್ತು ಓದುವವರಿಗೆ ಆ ಟೆಸ್ಟ್‌ನ ಆಧಾರ ಅಲ್ಲಿಯೇ ಕಾಣುತ್ತದೆ.

ಮೊದಲ ಟೆಸ್ಟ್: ಒಂದು ಪಟ್ಟಿ

ಮೊದಲ ಟೆಸ್ಟ್‌ಗೆ ಮಾರಾಟದ ಪಟ್ಟಿಗಿಂತ ಒಳ್ಳೆಯ ವಿಷಯ ಇಲ್ಲ. ನಿರೀಕ್ಷಿತ ಉತ್ತರವನ್ನು ಲೆಕ್ಕಿಗರು ಕೈಯಲ್ಲಿ ಮಾಡಿ ಕೊಡಬೇಕು. ಪ್ರೋಗ್ರಾಂ ಓಡಿಸಿ ಬಂದ ಮೊತ್ತವನ್ನೇ ಟೆಸ್ಟ್‌ನಲ್ಲಿ ಬರೆದಿಟ್ಟರೆ ಅದು ಪರೀಕ್ಷೆಯಾಗುವುದಿಲ್ಲ. ಉದಾಹರಣೆಗೆ 2 ಕ್ವಿಂಟಾಲ್ 37.5 ಕಿಲೊ ರಾಶಿ, ಕ್ವಿಂಟಾಲಿಗೆ 43,350 ರೂಪಾಯಿ ದರ, ಶೇಕಡಾ 2 ದಲಾಲಿ ಎಂದು ಊಹಿಸೋಣ. ಮೊತ್ತ 1,02,956.25 ರೂಪಾಯಿ, ದಲಾಲಿ 2,059.125 ರೂಪಾಯಿ. ಈ ಕೊನೆಯ ಅರ್ಧ ಪೈಸೆಯೇ ಇಲ್ಲಿನ ವಿಷಯ. ಪೋಸ್ಟ್‌ಗ್ರೆಸ್‌ನ ನ್ಯೂಮರಿಕ್ ಬಗೆ ಇದನ್ನು 2,059.13 ಎಂದು ಮೇಲಕ್ಕೆ ತರುತ್ತದೆ. ಪೈಥಾನ್‌ನ ಡೆಸಿಮಲ್ ತನ್ನ ಪೂರ್ವನಿಯೋಜಿತ ಕ್ರಮದಂತೆ ಹತ್ತಿರದ ಸಮಸಂಖ್ಯೆಗೆ ಇಳಿಸಿ 2,059.12 ಎನ್ನುತ್ತದೆ. ಪರದೆಯ ಮೇಲಿನ ಮೊತ್ತವನ್ನು ಪೈಥಾನ್ ಲೆಕ್ಕ ಹಾಕಿ, ತಿಂಗಳ ವರದಿಯನ್ನು ಎಸ್‌ಕ್ಯೂಎಲ್ ಲೆಕ್ಕ ಹಾಕಿದರೆ ಪಟ್ಟಿಗೂ ವರದಿಗೂ ಪೈಸೆಯ ವ್ಯತ್ಯಾಸ ಬರುತ್ತದೆ, ಮತ್ತು ಸಾವಿರಾರು ಪಟ್ಟಿಗಳ ನಡುವೆ ಅದನ್ನು ಹುಡುಕುವ ಕಷ್ಟ ಲೆಕ್ಕಿಗರ ಪಾಲಿಗೆ ಬೀಳುತ್ತದೆ. ಆದ್ದರಿಂದ ಟೆಸ್ಟ್ ಎರಡೂ ದಾರಿಗಳ ಉತ್ತರವನ್ನು ತೆಗೆದು ಒಂದಕ್ಕೊಂದು ಹೋಲಿಸಬೇಕು. ನಿರೀಕ್ಷಿತ ಸಂಖ್ಯೆಗಳನ್ನು ಆರಿಸುವಾಗ ದುಂಡನೆಯ ಮೊತ್ತಗಳನ್ನು ಬಿಟ್ಟು ಇಂಥ ಅಂಚಿನ ಮೊತ್ತಗಳನ್ನೇ ಹುಡುಕಿ ಆರಿಸಿರಿ.

ಒಂದರ ಕಲೆ ಇನ್ನೊಂದಕ್ಕೆ ಅಂಟದಂತೆ

ಪ್ರತಿ ಟೆಸ್ಟನ್ನು ಒಂದು ಟ್ರಾನ್ಸಾಕ್ಷನ್ ಒಳಗೆ ಓಡಿಸಿ ಕೊನೆಯಲ್ಲಿ ರೋಲ್‌ಬ್ಯಾಕ್ ಮಾಡುವುದು (ಎಲ್ಲ ಬದಲಾವಣೆಗಳನ್ನು ರದ್ದುಗೊಳಿಸುವುದು) ಅತ್ಯಂತ ವೇಗದ ವಿಧಾನ, ಮತ್ತು ಬಹುಪಾಲು ಟೆಸ್ಟ್‌ಗಳಿಗೆ ಸಾಕಾಗುತ್ತದೆ. ಆದರೆ ಅದರ ಮಿತಿಗಳನ್ನು ತಿಳಿಯದೆ ಬಳಸಿದರೆ ಸುಳ್ಳು ಧೈರ್ಯ ಹುಟ್ಟುತ್ತದೆ. ಸಾಲುಗಳಿಗೆ ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸ್‌ಗಳು ರೋಲ್‌ಬ್ಯಾಕ್‌ನಿಂದ ಹಿಂದೆ ಸರಿಯುವುದಿಲ್ಲವಾದ್ದರಿಂದ ‘ಮೊದಲ ಲಾಟಿನ ಸಂಖ್ಯೆ 1’ ಎಂದು ನಂಬಿದ ಟೆಸ್ಟ್ ಎರಡನೆಯ ಸಲ ಬೀಳುತ್ತದೆ. ಕಮಿಟ್ (ಬದಲಾವಣೆಗಳನ್ನು ಖಾಯಂ ಮಾಡುವುದು) ಹೊತ್ತಿಗೆ ಪರಿಶೀಲಿಸುವಂತೆ ಮುಂದೂಡಿದ ನಿರ್ಬಂಧಗಳು ಕಮಿಟ್ ಆಗದ ಟೆಸ್ಟ್‌ನಲ್ಲಿ ಪರಿಶೀಲನೆಗೇ ಬರುವುದಿಲ್ಲ. ರೋಲ್‌ಬ್ಯಾಕ್‌ಗೆ ಮುನ್ನ ಎಲ್ಲ ನಿರ್ಬಂಧಗಳನ್ನೂ ತಕ್ಷಣ ಪರಿಶೀಲಿಸುವಂತೆ ಆದೇಶ ಕೊಟ್ಟರೆ ಈ ಕೊರತೆ ತುಂಬುತ್ತದೆ. ‘ನೌ’ ಫಂಕ್ಷನ್ ಟ್ರಾನ್ಸಾಕ್ಷನ್ ಆರಂಭವಾದ ಸಮಯವನ್ನೇ ಕೊನೆಯವರೆಗೂ ಹೇಳುವುದರಿಂದ, ಒಂದೇ ಟೆಸ್ಟ್‌ನಲ್ಲಿ ದಾಖಲಾದ ಎರಡು ಟೆಂಡರ್ ದರಗಳಿಗೂ ಒಂದೇ ಸಮಯ ಬೀಳುತ್ತದೆ, ಮತ್ತು ‘ಮೊದಲು ಬಂದ ದರಕ್ಕೆ ಆದ್ಯತೆ’ ಎಂಬ ನಿಯಮವನ್ನು ಹಾಗೆ ಪರೀಕ್ಷಿಸಲಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಮಿಟ್ ಆಗದ ಸಾಲುಗಳು ಬೇರೆ ಕನೆಕ್ಷನ್‌ಗೆ ಕಾಣುವುದಿಲ್ಲ. ಒಂದಕ್ಕಿಂತ ಹೆಚ್ಚು ಕನೆಕ್ಷನ್ ಬೇಕಾಗುವ ಟೆಸ್ಟ್‌ಗಳನ್ನು ಪ್ರತ್ಯೇಕ ಗುಂಪಾಗಿಸಿ, ಅಲ್ಲಿ ನಿಜವಾಗಿ ಕಮಿಟ್ ಮಾಡಿ, ಪ್ರತಿ ಟೆಸ್ಟ್‌ಗೆ ಮುನ್ನ ಟೇಬಲ್‌ಗಳನ್ನು ಟ್ರಂಕೇಟ್ ಮಾಡಬೇಕು, ಅಂದರೆ ಖಾಲಿ ಮಾಡಬೇಕು. ಮುಗಿದ ಮೇಲೆ ಮಾಡುವುದಕ್ಕಿಂತ ಮುನ್ನ ಮಾಡುವುದೇ ಮೇಲು; ಬಿದ್ದ ಟೆಸ್ಟ್‌ನ ಸಾಲುಗಳು ಹಾಗೇ ಉಳಿದು ತನಿಖೆಗೆ ಸಿಗುತ್ತವೆ.

ನಿರ್ಬಂಧಗಳನ್ನು ಮುರಿಯಲು ಯತ್ನಿಸುವುದು

ನಿರ್ಬಂಧದ ಟೆಸ್ಟ್ ಎಂದರೆ ತಪ್ಪು ಸಾಲನ್ನು ಬೇಕೆಂದೇ ಬರೆಯಲು ಹೋಗಿ, ಡೇಟಾಬೇಸ್ ಅದನ್ನು ತಿರಸ್ಕರಿಸಿತೇ ಎಂದು ನೋಡುವುದು. ದೋಷದ ಸಂದೇಶದ ಪಠ್ಯವನ್ನು ಹೋಲಿಸದೆ ಅದರ ಸಂಕೇತ ಮತ್ತು ನಿರ್ಬಂಧದ ಹೆಸರನ್ನು ಹೋಲಿಸಬೇಕು: ಯೂನಿಕ್ (ಬೆಲೆ ಮರುಕಳಿಸಬಾರದು) ಮುರಿದರೆ 23505, ಫಾರಿನ್ ಕೀಗೆ 23503, ಚೆಕ್‌ಗೆ (ಕೊಟ್ಟ ಷರತ್ತು ಪಾಲನೆಯಾಗಬೇಕು) 23514, ನಾಟ್ ನಲ್‌ಗೆ (ಖಾಲಿ ಬಿಡಬಾರದು) 23502. ಒಮ್ಮೆ ದೋಷ ಬಂದ ಟ್ರಾನ್ಸಾಕ್ಷನ್‌ನಲ್ಲಿ ಮುಂದಿನ ಯಾವ ಕ್ವೆರಿಯೂ ಓಡದ ಕಾರಣ, ತಪ್ಪು ಸಾಲು ಬರೆಯುವ ಮುನ್ನ, ಹಿಂದಿರುಗಲು ಗುರುತಾಗಿ ಸೇವ್‌ಪಾಯಿಂಟ್ ಇಟ್ಟುಕೊಳ್ಳಬೇಕು.

ಕನ್ನಡದ ಹೆಸರುಗಳಿಗಾಗಿ ಕೆಲವು ಟೆಸ್ಟ್‌ಗಳನ್ನು ಬರೆಯಲೇಬೇಕು, ಏಕೆಂದರೆ ಇಂಗ್ಲಿಷ್ ಹೆಸರುಗಳಿಂದ ತುಂಬಿದ ಮಾದರಿ ದತ್ತಾಂಶದಲ್ಲಿ ಈ ದೋಷಗಳು ಎಂದೂ ಕಾಣುವುದಿಲ್ಲ. ‘ಹೊನ್ನಾವರ’ದ ಮೊದಲ ಅಕ್ಷರದ ಒತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ. ಒಬ್ಬ ಗುಮಾಸ್ತರು ಒಂದು ಕೀಲಿಮಣೆಯಲ್ಲಿ ದಾಖಲಿಸಿದ ಊರನ್ನು ಇನ್ನೊಬ್ಬರು ಮತ್ತೊಂದು ಕೀಲಿಮಣೆಯಲ್ಲಿ ಹುಡುಕಿದರೆ ಸಿಗದೆ ಹೋಗುವುದು ಹೀಗೆ. ಎರಡೂ ರೂಪಗಳನ್ನು ಬರೆದು, ಹುಡುಕಿದಾಗ ಎರಡೂ ಸಿಗುತ್ತವೆಯೇ ಎಂದು ಪರೀಕ್ಷಿಸಿರಿ. ಪೋಸ್ಟ್‌ಗ್ರೆಸ್ 13ರಿಂದ, ಎರಡನ್ನೂ ಒಂದೇ ರೂಪಕ್ಕೆ ತರಲು ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ವಿಂಗಡಣೆಯಲ್ಲೂ ಇಂಥದೇ ತೊಡಕಿದೆ. ‘ಸಿ’ ಎಂಬ ಕೊಲೇಷನ್‌ನಲ್ಲಿ (ವಿಂಗಡಣೆಯ ನಿಯಮದಲ್ಲಿ) ಅಕ್ಷರಗಳು ಯುನಿಕೋಡ್ ಸಂಖ್ಯೆಯ ಕ್ರಮದಲ್ಲಿ ಬರುವುದರಿಂದ ಳಕಾರ ವಕಾರಕ್ಕಿಂತ ಮೊದಲಾಗಿ, ಯಲ್ಲಾಪುರದ ಕಳಚೆ ಹೊನ್ನಾವರದ ಕವಲಕ್ಕಿಗಿಂತ ಮುಂದೆ ಬಂದುಬಿಡುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರದ್ದು. ಊರುಗಳ ಪಟ್ಟಿ ಯಾವ ಕ್ರಮದಲ್ಲಿ ಬರಬೇಕೆಂದು ಈ ಎರಡೇ ಹೆಸರುಗಳಿಂದ ಒಂದು ಟೆಸ್ಟ್ ಬರೆದಿಟ್ಟರೆ, ಕೊಲೇಷನ್ ಬದಲಾದ ದಿನ ಅದು ತಾನಾಗಿ ಎಚ್ಚರಿಸುತ್ತದೆ.

ಇಬ್ಬರು ಒಮ್ಮೆಲೇ ಬಂದಾಗ

ಇಂಟಿಗ್ರೇಷನ್ ಟೆಸ್ಟ್‌ನ ಶ್ರಮ ಸಾರ್ಥಕವಾಗುವುದು ಇಲ್ಲಿ. ಒಬ್ಬ ಸದಸ್ಯರ ಸಾಲದ ಮಿತಿ 1,00,000 ರೂಪಾಯಿ, ಈಗಿರುವ ಸಾಲ 60,000. ಶಿರಸಿಯ ಕಚೇರಿಯಲ್ಲಿ ಸದಸ್ಯರು 30,000 ಕೇಳುತ್ತಾರೆ. ಅದೇ ಹೊತ್ತಿಗೆ ಸಿದ್ದಾಪುರದ ಶಾಖೆಯಲ್ಲಿ ಅವರ ಮಗ ಅದೇ ಖಾತೆಯ ಮೇಲೆ 30,000 ಕೇಳುತ್ತಾರೆ. ಎರಡೂ ಕಡೆಯ ಪ್ರೋಗ್ರಾಂ 40,000 ಉಳಿದಿದೆ ಎಂದು ಓದುತ್ತದೆ, ಎರಡೂ ಕಡೆ ಮಂಜೂರಾಗುತ್ತದೆ, ಸಾಲ 1,20,000ಕ್ಕೆ ಏರುತ್ತದೆ. ಪೋಸ್ಟ್‌ಗ್ರೆಸ್‌ನ ಪೂರ್ವನಿಯೋಜಿತ ಐಸೊಲೇಷನ್ ಮಟ್ಟವಾದ ರೀಡ್ ಕಮಿಟೆಡ್ (ಬೇರೆಯವರು ಕಮಿಟ್ ಮಾಡಿದ್ದು ಮಾತ್ರ ಕಾಣುವ ಮಟ್ಟ) ಇದನ್ನು ತಡೆಯುವುದಿಲ್ಲ. ಸದಸ್ಯರ ಟೇಬಲ್‌ನಲ್ಲಿ ಅವರ ಹೆಸರಿನ ಸಾಲನ್ನು (ರೋ) ಮೊದಲು ‘ಸೆಲೆಕ್ಟ್ ಫಾರ್ ಅಪ್‌ಡೇಟ್’ನಿಂದ ಲಾಕ್ ಮಾಡಿ, ಆ ನಂತರ ಪ್ರತ್ಯೇಕ ಕ್ವೆರಿಯಲ್ಲಿ ಬಾಕಿಯನ್ನು ಕೂಡಿಸುವುದು ಒಂದು ಪರಿಹಾರ.

ಇದರ ಟೆಸ್ಟನ್ನು ಹೀಗೆ ಕಟ್ಟಬೇಕು. ಮಿತಿ ಮತ್ತು ಹಳೆಯ ಸಾಲವನ್ನು ಬರೆದು ಕಮಿಟ್ ಮಾಡಿರಿ. ಮೊದಲ ಕನೆಕ್ಷನ್‌ನಲ್ಲಿ ಟ್ರಾನ್ಸಾಕ್ಷನ್ ಆರಂಭಿಸಿ 30,000 ಮಂಜೂರು ಮಾಡಿ, ಕಮಿಟ್ ಮಾಡದೆ ನಿಲ್ಲಿಸಿರಿ. ಎರಡನೆಯ ಕನೆಕ್ಷನ್‌ನಲ್ಲಿ, ಬೇರೊಂದು ಥ್ರೆಡ್‌ನಿಂದ (ಜೊತೆಜೊತೆಗೆ ಓಡುವ ಎಳೆಯಿಂದ), ಅದೇ ಕೋರಿಕೆಯನ್ನು ಕಳಿಸಿರಿ. ಈಗ ಎರಡನೆಯದು ನಿಜವಾಗಿಯೂ ಲಾಕ್‌ಗಾಗಿ ಕಾಯುತ್ತಿದೆಯೇ ಎಂಬುದನ್ನು ಮೂರನೆಯ ಕನೆಕ್ಷನ್‌ನಿಂದ, ಯಾರು ಯಾರನ್ನು ತಡೆದಿದ್ದಾರೆಂದು ಹೇಳುವ ‘ಪಿಜಿ_ಬ್ಲಾಕಿಂಗ್_ಪಿಡ್ಸ್’ ಫಂಕ್ಷನ್ ಮೂಲಕ ಕೇಳುತ್ತಿರಬೇಕು. ಇಲ್ಲಿ ಬಹಳ ಜನ ಎರಡು ಸೆಕೆಂಡ್ ನಿದ್ರೆಯ ಆದೇಶ ಬರೆದು ಮುಂದೆ ಹೋಗುತ್ತಾರೆ. ನಿಧಾನದ ಯಂತ್ರದಲ್ಲಿ ಆ ಎರಡು ಸೆಕೆಂಡ್ ಸಾಲದು, ವೇಗದ ಯಂತ್ರದಲ್ಲಿ ಅದು ವ್ಯರ್ಥ. ಸ್ಥಿತಿಯನ್ನು ಕೇಳಿ ತಿಳಿದು, ಒಂದು ಮಿತಿಯೊಳಗೆ ಆ ಸ್ಥಿತಿ ಬಾರದಿದ್ದರೆ ಟೆಸ್ಟ್ ಬಿದ್ದಿತೆಂದು ಘೋಷಿಸುವುದೇ ಸರಿ. ಕಾಯುತ್ತಿರುವುದು ಖಚಿತವಾದ ಮೇಲೆ ಮೊದಲನೆಯದನ್ನು ಕಮಿಟ್ ಮಾಡಿ, ಎರಡನೆಯದಕ್ಕೆ ‘ಮಿತಿ ಸಾಲದು’ ಎಂಬ ಉತ್ತರ ಬಂದಿತೇ, ಒಟ್ಟು ಸಾಲ 90,000ದಲ್ಲೇ ನಿಂತಿತೇ ಎಂದು ನೋಡಿರಿ. ಹೀಗೆ ನಡುವೆ ನಿಲ್ಲಿಸಲು ಸಾಧ್ಯವಾಗಬೇಕಾದರೆ, ಸಾಲ ಮಂಜೂರು ಮಾಡುವ ಫಂಕ್ಷನ್ ತಾನೇ ಕಮಿಟ್ ಮಾಡದೆ ಹೊರಗಿನಿಂದ ಕನೆಕ್ಷನ್ ಪಡೆಯುವಂತಿರಬೇಕು.

ಈ ಟೆಸ್ಟ್ ಲಾಕ್ ಎಂಬ ನಿರ್ದಿಷ್ಟ ಉಪಾಯಕ್ಕೆ ಅಂಟಿಕೊಂಡಿದೆ. ನಾಳೆ ಪರಿಹಾರವನ್ನು ಬದಲಿಸಿದರೂ ನಿಯಮ ಉಳಿಯಬೇಕಾದ್ದರಿಂದ, ಜೊತೆಗೆ ಇನ್ನೊಂದು ಒರಟು ಟೆಸ್ಟ್ ಇರಲಿ: ಇಪ್ಪತ್ತು ಥ್ರೆಡ್‌ಗಳು ಒಮ್ಮೆಲೇ ತಲಾ 10,000 ಕೇಳಲಿ, ನಾಲ್ಕಕ್ಕೆ ಮಾತ್ರ ಸಿಗಲಿ. ಟ್ರಾನ್ಸಾಕ್ಷನ್‌ಗಳು ಒಂದಾದ ಮೇಲೊಂದು ಓಡಿದಂತೆಯೇ ಫಲ ಕೊಡುವ ಸೀರಿಯಲೈಸಬಲ್ ಮಟ್ಟವನ್ನು ಆರಿಸಿಕೊಂಡವರು 40001 ಸಂಕೇತದ ದೋಷವನ್ನು ನಿರೀಕ್ಷಿಸಿ, ಇಡೀ ಟ್ರಾನ್ಸಾಕ್ಷನ್ನನ್ನು ಮೊದಲಿನಿಂದ ಮತ್ತೆ ಓಡಿಸುವ ಕೋಡನ್ನೂ ಇದೇ ಟೆಸ್ಟ್‌ನಿಂದ ಪರೀಕ್ಷಿಸಬಹುದು. ಯಾವ ದಾರಿಯೇ ಆಗಲಿ, ಟೆಸ್ಟ್ ಬರೆದ ಮೇಲೆ ರಕ್ಷಣೆಯ ಸಾಲನ್ನು ತಾತ್ಕಾಲಿಕವಾಗಿ ತೆಗೆದು, ಟೆಸ್ಟ್ ನಿಜವಾಗಿ ಬೀಳುತ್ತದೆಯೇ ಎಂದು ನೋಡದೆ ಅದನ್ನು ನಂಬಬಾರದು. ಹೀಗೆ ಕನೆಕ್ಷನ್‌ಗಳ ಹೆಜ್ಜೆಗಳನ್ನು ಬೇರೆ ಬೇರೆ ಕ್ರಮದಲ್ಲಿ ಹೆಣೆದು ನೋಡುವುದನ್ನು ಕಲಿಯಲು ಪೋಸ್ಟ್‌ಗ್ರೆಸ್‌ನ ಮೂಲ ಕೋಡ್‌ನಲ್ಲಿರುವ ಐಸೊಲೇಷನ್ ಟೆಸ್ಟ್‌ಗಳೇ ಉತ್ತಮ ಪಾಠ. ಅಲ್ಲಿನ ಕಡತಗಳಲ್ಲಿ ಸೆಷನ್‌ಗಳು, ಅವುಗಳ ಹೆಜ್ಜೆಗಳು, ಹೆಜ್ಜೆಗಳ ಜೋಡಣೆಯ ಕ್ರಮ ಎಲ್ಲವೂ ಓದುವಂತೆ ಬರೆದಿವೆ. ಬಂದ ಫಲಿತಾಂಶವನ್ನು ಮೊದಲೇ ಒಪ್ಪಿ ಇಟ್ಟ ಫಲಿತಾಂಶದ ಕಡತದೊಂದಿಗೆ ಸಾಲು ಸಾಲಾಗಿ ಹೋಲಿಸಲಾಗುತ್ತದೆ.

ಸಂಪರ್ಕ ಕಡಿದಾಗ, ವಿದ್ಯುತ್ ಹೋದಾಗ

ಮಳೆಗಾಲದಲ್ಲಿ ಘಟ್ಟದ ಮೇಲೂ ಕೆಳಗೂ ವಿದ್ಯುತ್ತು ಮತ್ತು ಇಂಟರ್ನೆಟ್ ಕೈಕೊಡುವುದು ನಮ್ಮ ಜಿಲ್ಲೆಯಲ್ಲಿ ದಿನನಿತ್ಯದ ಮಾತು. ಹಾಗಾಗಿ ಇದನ್ನು ಅಪರೂಪದ ಸಂದರ್ಭವೆಂದು ಬದಿಗಿಡುವಂತಿಲ್ಲ. ಕುಮಟಾ ಶಾಖೆಯಿಂದ ಹಣ ಪಾವತಿಯ ಕೋರಿಕೆ ಬಂದು, ಸರ್ವರ್‌ನಲ್ಲಿ ಕಮಿಟ್ ಆಗಿ, ‘ಆಯಿತು’ ಎಂಬ ಉತ್ತರ ಹಿಂದಿರುಗುವ ಮುನ್ನ ಸಂಪರ್ಕ ಕಡಿದರೆ, ಗುಮಾಸ್ತರು ಗುಂಡಿಯನ್ನು ಮತ್ತೆ ಒತ್ತುತ್ತಾರೆ. ಪ್ರತಿ ಕೋರಿಕೆಗೂ ಪರದೆಯ ಕಡೆಯಿಂದಲೇ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಅದರ ಮೇಲೆ ಯೂನಿಕ್ ನಿರ್ಬಂಧ ಇಟ್ಟಿದ್ದರೆ ಎರಡನೆಯ ಪಾವತಿ ನಿಲ್ಲುತ್ತದೆ. ಸಂಪರ್ಕವನ್ನು ಬೇಕೆಂದೇ ಕೆಡಿಸಬಲ್ಲ ಟಾಕ್ಸಿಪ್ರಾಕ್ಸಿಯಂಥ ಸಾಧನವನ್ನು ನಡುವೆ ಇಟ್ಟು, ಉತ್ತರ ಮಾತ್ರ ತಲುಪದಂತೆ ಕಡಿದು, ಅದೇ ಸಂಖ್ಯೆಯ ಕೋರಿಕೆಯನ್ನು ಮತ್ತೆ ಕಳಿಸಿ, ಪಾವತಿಯ ಸಾಲು ಒಂದೇ ಇದೆಯೇ ಎಂದು ಟೆಸ್ಟ್ ನೋಡಬೇಕು.

ಸರ್ವರ್ ಕಂಟೇನರನ್ನು ಕೆಲಸದ ನಡುವೆ ಬಲವಂತವಾಗಿ ಕೊಂದು, ಮತ್ತೆ ಎಬ್ಬಿಸಿ, ಕಮಿಟ್ ಆದದ್ದು ಇದೆ, ಆಗದ್ದು ಇಲ್ಲ ಎಂಬುದನ್ನೂ ಪರೀಕ್ಷಿಸಬಹುದು. ಈ ಟೆಸ್ಟ್‌ನ ಕಂಟೇನರ್‌ಗೆ ಎಫ್‌ಸಿಂಕ್ ಆನ್ ಇರಬೇಕು ಮತ್ತು ದತ್ತಾಂಶ ಡಿಸ್ಕ್‌ನ ಮೇಲಿರಬೇಕು. ಆದರೂ ಇದು ಪೂರ್ಣ ವಿದ್ಯುತ್ ಕಡಿತಕ್ಕೆ ಸಮವಲ್ಲ. ಪ್ರಕ್ರಿಯೆ ಸತ್ತರೂ ಆಪರೇಟಿಂಗ್ ಸಿಸ್ಟಂ ತನ್ನ ಮೆಮೊರಿಯಲ್ಲಿದ್ದುದನ್ನು ಡಿಸ್ಕ್‌ಗೆ ಬರೆದೇ ಬರೆಯುತ್ತದೆ. ಬರೆದಾಯಿತೆಂದು ಡಿಸ್ಕ್ ಹೇಳಿದ್ದು ನಿಜವೇ ಎಂಬುದನ್ನು ಈ ಟೆಸ್ಟ್ ಹೇಳದು.

ಮಾರ್ಚ್ 31ರ ರಾತ್ರಿ

ಕಂಟೇನರ್‌ನ ಕಾಲವಲಯ ಸಾಮಾನ್ಯವಾಗಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ). ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಏಪ್ರಿಲ್ 1 ಆರಂಭವಾದ ನಡುರಾತ್ರಿ 12 ಗಂಟೆ 10 ನಿಮಿಷಕ್ಕೆ ಬಡ್ಡಿ ಹಾಕುವ ಕೆಲಸ ಓಡಿದರೆ, ದಿನಾಂಕವನ್ನು ಯುಟಿಸಿಯಲ್ಲಿ ತೆಗೆದ ಕ್ವೆರಿಗೆ ಅದು ಇನ್ನೂ ಮಾರ್ಚ್ 31, ಅಂದರೆ ಹಿಂದಿನ ಆರ್ಥಿಕ ವರ್ಷ. ಸಮಯವನ್ನು ಹೊರಗಿನಿಂದ ಕೊಡುವಂತೆ ಫಂಕ್ಷನ್ ಬರೆದು, ಈ ಒಂದು ಕ್ಷಣಕ್ಕೆ ತಪ್ಪದೆ ಟೆಸ್ಟ್ ಇಡಿರಿ.

ಓಡಿಸುವ ಕ್ರಮ

ವೇಗದ ಗುಂಪನ್ನು ಪ್ರತಿ ಬದಲಾವಣೆಗೂ, ಕಮಿಟ್ ಮಾಡುವ ನಿಧಾನದ ಗುಂಪನ್ನು ಕೋಡ್ ವಿಲೀನಕ್ಕೆ ಮುನ್ನ ಓಡಿಸುವುದು ಸಾಕು. ಟೆಸ್ಟ್‌ಗಳ ಕ್ರಮವನ್ನು ಪ್ರತಿ ಸಲ ಬದಲಿಸಿ, ಆ ಕ್ರಮವನ್ನು ಮತ್ತೆ ತರಬಲ್ಲ ಬೀಜಸಂಖ್ಯೆಯನ್ನು (ಸೀಡ್) ವರದಿಯಲ್ಲಿ ಮುದ್ರಿಸಿದರೆ ಒಂದರ ಮೇಲೊಂದು ಅವಲಂಬಿಸಿದ ಟೆಸ್ಟ್‌ಗಳು ಬೇಗ ಬಯಲಾಗುತ್ತವೆ. ಸಮಾನಾಂತರವಾಗಿ ಓಡಿಸುವಾಗ ಪ್ರತಿ ಕೆಲಸಗಾರ ಪ್ರಕ್ರಿಯೆಗೂ ಟೆಂಪ್ಲೇಟ್‌ನಿಂದ ತೆಗೆದ ತನ್ನದೇ ಡೇಟಾಬೇಸ್ ಇರಲಿ. ಆಗಾಗ ಬೀಳುವ ಟೆಸ್ಟನ್ನು ‘ಮೂರು ಸಲ ಯತ್ನಿಸು’ ಎಂದು ಬಿಡುವುದನ್ನು ನಾನು ವಿರೋಧಿಸುತ್ತೇನೆ. ಏಕಕಾಲಿಕತೆಯ ದೋಷಗಳು ಆಗಾಗ ಬೀಳುವ ಟೆಸ್ಟ್‌ಗಳ ರೂಪದಲ್ಲೇ ಕಾಣಿಸಿಕೊಳ್ಳುತ್ತವೆ. ಎರಡು ಲಾಟುಗಳನ್ನು ಇಬ್ಬರು ತಿರುವುಮುರುವು ಕ್ರಮದಲ್ಲಿ ಲಾಕ್ ಮಾಡಿದರೆ ಸುಮಾರು ಒಂದು ಸೆಕೆಂಡ್ ಕಾದು ಪೋಸ್ಟ್‌ಗ್ರೆಸ್ ಒಬ್ಬರನ್ನು 40ಪಿ01 ಎಂಬ ದೋಷದೊಂದಿಗೆ ಕೈಬಿಡುತ್ತದೆ. ಬಿದ್ದ ಟೆಸ್ಟ್‌ನ ಲಾಗ್‌ನಲ್ಲಿ ಆ ಸಂಕೇತ ಇದ್ದರೆ ದೋಷ ಕೋಡ್‌ನಲ್ಲಿದೆ. ಲಾಟುಗಳನ್ನು ಯಾವಾಗಲೂ ಸಂಖ್ಯೆಯ ಏರಿಕೆಯ ಕ್ರಮದಲ್ಲೇ ಲಾಕ್ ಮಾಡುವಂತೆ ತಿದ್ದಬೇಕು.

ಇನ್ನು ಹಳೆಯ ರಚನೆಯಿಂದ ಹೊಸದಕ್ಕೆ ಹೋಗುವ ಪರೀಕ್ಷೆ. ಖಾಲಿ ಡೇಟಾಬೇಸ್‌ನ ಮೇಲೆ ಮೈಗ್ರೇಷನ್ ಓಡಿದ್ದು ಏನನ್ನೂ ಸಾಬೀತುಪಡಿಸುವುದಿಲ್ಲ, ಏಕೆಂದರೆ ನಾಟ್ ನಲ್ ಸೇರಿಸುವಾಗ ಅಡ್ಡ ಬರುವುದು ಹಳೆಯ ಸಾಲುಗಳೇ. ಹಿಂದಿನ ಬಿಡುಗಡೆಯ ರಚನೆಯಲ್ಲಿ ಕೃತಕ ಸದಸ್ಯರು, ಅರ್ಧಕ್ಕೆ ನಿಂತ ಟೆಂಡರ್‌ಗಳು, ತೂಕ ದಾಖಲಾಗದ ಲಾಟುಗಳು ಇವನ್ನೆಲ್ಲ ತುಂಬಿ, ಅದರ ಮೇಲೆ ಹೊಸ ಮೈಗ್ರೇಷನ್ ಓಡಿಸಿ, ಓಡಿಸುವ ಮುನ್ನ ಮತ್ತು ನಂತರ ಪ್ರತಿ ಸದಸ್ಯರ ಬಾಕಿಯನ್ನು ಹೋಲಿಸಬೇಕು. ವಾರಕ್ಕೊಮ್ಮೆ ಇದೇ ಡೇಟಾಬೇಸ್‌ನ ಬ್ಯಾಕಪ್ ತೆಗೆದು, ಬೇರೆ ಖಾಲಿ ಸರ್ವರ್‌ನಲ್ಲಿ ಮರುಸ್ಥಾಪಿಸಿ, ಅದೇ ಬಾಕಿಗಳ ಹೋಲಿಕೆಯನ್ನು ಅಲ್ಲಿಯೂ ನಡೆಸಿ, ಕೊನೆಯದಾಗಿ ಒಂದು ಹೊಸ ಲಾಟನ್ನು ದಾಖಲಿಸಿ ನೋಡಿರಿ. ಸೀಕ್ವೆನ್ಸ್ ಹಿಂದೆ ಉಳಿದಿದ್ದರೆ ಅದು 23505 ದೋಷವಾಗಿ ಅಲ್ಲಿಯೇ ತಿಳಿಯುತ್ತದೆ.